ಚರಣ್‌ಜಿತ್ ಸಿಂಗ್ ಅವರ ಹತ್ತು ಡಿಸ್ಕೋ ರಾಗಗಳನ್ನು ಕೇಳುವುದು ಹೇಗೆ

ಈ ಆಲ್ಬಮ್ ಬಗ್ಗೆ ಎಲ್ಲಾದರೂ ಓದಿದ್ದರೆ, ಓದಿದ್ದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಅಂತ ಹುಡುಕಿದರೆ ಎಲ್ಲ ಕಡೆ ಬರುವುದು ಒಂದೇ ಕತೆ. ಶಿಕಾಗೋದಲ್ಲಿ ಆಸಿಡ್ ಹೌಸ್ ಅನ್ನುವ ಯಂತ್ರಗಳ ಕುಣಿತದ ಸಂಗೀತ ಹುಟ್ಟಿತು ಅಂತ ಎಲ್ಲರೂ ನಂಬಿದ್ದರಲ್ಲ, ಅದಕ್ಕೂ ಮೊದಲೇ ಮುಂಬಯಿಯಲ್ಲಿ ಒಬ್ಬ ಸಿನಿಮಾ ವಾದ್ಯಗಾರ ಅದೇ ಯಂತ್ರಗಳಲ್ಲಿ ಅಂಥದ್ದೇ ಸದ್ದು ಮಾಡಿಬಿಟ್ಟಿದ್ದರು ಅನ್ನುವ ಕತೆ. ಕತೆಯಲ್ಲಿ ಸುಳ್ಳಿಲ್ಲ. ರೆಕಾರ್ಡ್ ಆಗಿದ್ದು 1982ರಲ್ಲಿ. ಆಸಿಡ್ ಹೌಸ್‌ಗೆ ಹೆಸರು ಕೊಟ್ಟ, ಶಿಕಾಗೋದ ಫ್ಯೂಚರ್ ತಂಡದ ‘ಆಸಿಡ್ ಟ್ರ್ಯಾಕ್ಸ್’ ಬಂದಿದ್ದು 1987ರಲ್ಲಿ. ಆದರೆ ಈ ಕತೆಗಾಗಿ ಕೇಳಿದವರು ಒಂದು ಸಲ ಕೇಳಿ, ಅಬ್ಬಾ ಅಂದು, ಮುಂದೆ ಹೋಗಿಬಿಡುತ್ತಾರೆ. ವರ್ಷಗಟ್ಟಲೆ ಕೇಳಬೇಕು ಅನ್ನಿಸುವುದು ಇದನ್ನು ರಾಗ ಅಂತ ಕೇಳಿದಾಗ. ಅದು ಹೇಗೆ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಿವಿಯಲ್ಲಿ ಒಂದಿಷ್ಟು ರಾಗ ತುಂಬಿಕೊಂಡು ಬೆಳೆದ ನಮ್ಮಂಥವರಿಗೆ ಈ ದಾರಿ ಸುಲಭ.

ಮಾಡಿದವರು ಯಾರು ಅಂತ ತಿಳಿದಿರಲಿ. ಚರಣ್‌ಜಿತ್ ಸಿಂಗ್ ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ದಶಕಗಳ ಕಾಲ ದುಡಿದವರು. ಗಿಟಾರ್, ಬೇಸ್, ಟ್ರಾನ್ಸಿಕಾರ್ಡ್ ಅನ್ನುವ ವಿದ್ಯುತ್ ಅಕಾರ್ಡಿಯನ್, ಆಮೇಲೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಸಿಂಥಸೈಜರ್. ಆರ್.ಡಿ. ಬರ್ಮನ್, ಲಕ್ಷ್ಮೀಕಾಂತ್–ಪ್ಯಾರೇಲಾಲ್ ಅವರಂಥವರ ಹಾಡುಗಳಿಗೆ ನುಡಿಸಿದವರು. ಪರದೆ ಮೇಲೆ ಹೆಸರು ಬಾರದ ಜನ ಇರುತ್ತಾರಲ್ಲ, ಅವರಲ್ಲಿ ಒಬ್ಬರು. ಆಗ ಸಿನಿಮಾದಲ್ಲಿ ಎಲ್ಲಿ ನೋಡಿದರೂ ಡಿಸ್ಕೋ. ತಬಲಾ ಬಿಟ್ಟು ಡಿಸ್ಕೋ ಬೀಟ್ ಮೇಲೆ ರಾಗ ನುಡಿಸಿದರೆ ಹೇಗಿರುತ್ತದೆ ಅಂತ ಇವರಿಗೆ ಅನ್ನಿಸಿತು. ಜಪಾನಿನ ರೋಲಾಂಡ್ ಕಂಪನಿಯ ಮೂರು ಹೊಸ ಯಂತ್ರಗಳು ಕೈಯಲ್ಲಿದ್ದವು. ಎರಡು ದಿನದಲ್ಲಿ ರೆಕಾರ್ಡಿಂಗ್ ಮುಗಿಯಿತು. ಎಚ್‌ಎಂವಿ ಹೆಸರಿನಲ್ಲಿ ಎಲ್‌ಪಿ (ಗ್ರಾಮಫೋನ್ ತಟ್ಟೆ) ಬಂತು. ಮಾರಾಟ ಆಗಲಿಲ್ಲ, ಜನ ಮರೆತೇಬಿಟ್ಟರು. 2002ರಲ್ಲಿ ನೆದರ್‌ಲ್ಯಾಂಡ್ಸ್‌ನ ಎಡೋ ಬೌಮನ್ ಎಂಬ ರೆಕಾರ್ಡ್ ಸಂಗ್ರಾಹಕರಿಗೆ ದೆಹಲಿಯಲ್ಲಿ ಒಂದು ಪ್ರತಿ ಸಿಕ್ಕಿತು. ಅವರು 2010ರಲ್ಲಿ ಬಾಂಬೆ ಕನೆಕ್ಷನ್ ಎಂಬ ತಮ್ಮ ಲೇಬಲ್‌ನಲ್ಲಿ ಮತ್ತೆ ಹೊರತಂದರು. 1982ರಲ್ಲಿ ಇಂಥ ಸದ್ದು ಸಾಧ್ಯವೇ ಇಲ್ಲ, ಯಾರೋ ಈಗ ಮಾಡಿ ಹಳೆಯದು ಅಂತ ಮಾರುತ್ತಿದ್ದಾರೆ ಅಂತಲೂ ಕೆಲವರು ವಾದ ಮಾಡಿದರು. ಆಮೇಲೆ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಇದೇ ಸಂಗೀತವನ್ನು ನುಡಿಸಿದರು, ಮೂವತ್ತು ವರ್ಷ ಆದ ಮೇಲೆ. 2015ರಲ್ಲಿ ತೀರಿಕೊಂಡರು. ಬದುಕಿದ್ದಾಗಲೇ ಆ ಚಪ್ಪಾಳೆ ಅವರ ಕಿವಿಗೆ ಬಿತ್ತಲ್ಲ, ಅದು ನನಗೆ ದೊಡ್ಡ ಸಮಾಧಾನ.

ಈಗ ಕೇಳುವ ವಿಷಯಕ್ಕೆ ಬರೋಣ.

ಮೊಬೈಲ್ ಸ್ಪೀಕರ್‌ನಲ್ಲಿ ದಯವಿಟ್ಟು ಕೇಳಬೇಡಿ. ಈ ಆಲ್ಬಮ್‌ನ ಅರ್ಧ ಜೀವ ಇರುವುದು ಬೇಸ್ ಅನ್ನುವ ಕೆಳದನಿಯ ಸದ್ದಿನಲ್ಲಿ. ಆ ಪುಟ್ಟ ಸ್ಪೀಕರ್‌ಗೆ ಅದು ಬರುವುದೇ ಇಲ್ಲ, ಮೇಲಿನ ಕೀಚು ದನಿ ಮಾತ್ರ ಉಳಿಯುತ್ತದೆ, ಆಗ ಇದೇನು ವಿಡಿಯೋ ಗೇಮ್ ಥರ ಇದೆಯಲ್ಲ ಅನ್ನಿಸುವುದು ಸಹಜ. ಸಾಧಾರಣ ಹೆಡ್‌ಫೋನ್ ಆದರೂ ಸಾಕು.

ಇಡೀ ಆಲ್ಬಮ್ ಒಂದೇ ಪಟ್ಟಿಗೆ ಕೇಳುವುದೂ ಬೇಡ, ಮೊದಮೊದಲು. ಹತ್ತು ರಾಗ, ಒಂದೊಂದೂ ಸುಮಾರು ಐದು ನಿಮಿಷ. ಬೀಟ್ ಹೆಚ್ಚುಕಡಿಮೆ ಒಂದೇ. ಹಾಗಾಗಿ ಸಾಲಾಗಿ ಕೇಳಿದರೆ ಮೂರನೆಯದಕ್ಕೇ ಎಲ್ಲ ಒಂದೇ ಥರ ಇದೆ ಅನ್ನಿಸುತ್ತದೆ. ಇದನ್ನು ಬಿಟ್ಟುಬಿಟ್ಟವರಲ್ಲಿ ಜಾಸ್ತಿ ಜನ ಬಿಟ್ಟಿದ್ದು ಈ ಕಾರಣಕ್ಕೇ ಅಂತ ನನ್ನ ಅಂದಾಜು. ದಿನಕ್ಕೆ ಒಂದು ರಾಗ. ಅದನ್ನೇ ಎರಡು ಮೂರು ಸಲ. ಬೀಟ್ ಕಿವಿಗೆ ಒಗ್ಗಿಹೋಗಿ ಹಿಂದೆ ಸರಿದ ಮೇಲೆ ರಾಗ ಮುಂದೆ ಬರುತ್ತದೆ.

ಮೊದಲು ಷಡ್ಜ ಹಿಡಿಯಿರಿ

ಹೆಚ್ಚಿನವುಗಳಲ್ಲಿ ಬೀಟ್ ಶುರುವಾಗುವ ಮುಂಚೆ ತಾಳವಿಲ್ಲದ ಒಂದು ತುಣುಕು ಬರುತ್ತದೆ. ಚಿಕ್ಕ ಆಲಾಪ ಅಂತಲೇ ಅಂದುಕೊಳ್ಳಿ. ಅಷ್ಟರಲ್ಲೇ ‘ಸ’ ಎಲ್ಲಿದೆ ಅಂತ ಹುಡುಕಿ, ಗುನುಗುತ್ತಾ ಇರಿ. ಬೀಟ್ ಬಂದ ಮೇಲೂ ಬಿಡಬೇಡಿ. ಐದು ನಿಮಿಷವೂ ಅದೇ ‘ಸ’ ಹೊಂದುತ್ತಾ ಹೋಗುತ್ತದೆ. ಸಿನಿಮಾ ಹಾಡಿನ ಹಾಗೆ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಯಿಸುತ್ತಾ ಹೋಗುವ ಗೊಡವೆ ಇಲ್ಲಿಲ್ಲ. ತಂಬೂರಿ ಮಾಡುವ ಕೆಲಸವನ್ನು ಇಲ್ಲಿ ಬೇಸ್ ಮಾಡುತ್ತಿದೆ, ಓಡುತ್ತಾ ಮಾಡುತ್ತಿದೆ ಅಷ್ಟೇ. ಇದು ಒಂದು ಸಲ ಕಿವಿಗೆ ಬಿದ್ದರೆ ಆಲ್ಬಮ್‌ನ ಬಾಗಿಲು ತೆರೆದ ಹಾಗೆ.

ಈ ಬೇಸ್ ಎಲ್ಲಿಂದ ಬಂತು ಅನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಗೊತ್ತಿದ್ದರೆ ಕೇಳುವ ಸುಖ ಹೆಚ್ಚು. ಅದು ರೋಲಾಂಡ್‌ನ ಆ ಮೂರು ಯಂತ್ರಗಳಲ್ಲಿ ಒಂದಾದ ಟಿಬಿ-303 ಅನ್ನುವ ಸಣ್ಣ ಬೆಳ್ಳಿ ಬಣ್ಣದ ಪೆಟ್ಟಿಗೆ. ಒಬ್ಬನೇ ಕೂತು ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಜೊತೆಗೊಂದು ಬೇಸ್ ಇರಲಿ ಅಂತ ಮಾಡಿದ್ದು. ಬೇಸ್ ಗಿಟಾರ್ ಥರ ಕೇಳಿಸಲೇ ಇಲ್ಲ, ಹಾಗಾಗಿ ಓಡಲೂ ಇಲ್ಲ. 1984ರಲ್ಲಿ ಕಂಪನಿ ಅದನ್ನು ನಿಲ್ಲಿಸಿತು. ಅದರಲ್ಲಿ ಹದಿನಾರು ಹೆಜ್ಜೆಯ ಒಂದು ಸಾಲು ಬರೆದಿಟ್ಟರೆ ಅದು ತಾನೇ ತಿರುಗುತ್ತಾ ಇರುತ್ತದೆ. ಪ್ರತಿ ಹೆಜ್ಜೆಗೂ ಒಂದು ಸ್ವರ. ಬೇಕಾದ ಕಡೆ ಒತ್ತು ಕೊಡಬಹುದು. ಬೇಕಾದ ಕಡೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸಬಹುದು. ಈ ಜಾರುವಿಕೆ ಇದೆಯಲ್ಲ, ಅದೇ ಮುಖ್ಯ. ನಮ್ಮ ಸಂಗೀತಕ್ಕೆ ಬೇಕಾದ್ದೇ ಅದು. ಸ್ವರದಿಂದ ಸ್ವರಕ್ಕೆ ಮೆಟ್ಟಿಲು ಹತ್ತಿದ ಹಾಗೆ ಹೋದರೆ ಅದು ರಾಗ ಅನ್ನಿಸುವುದಿಲ್ಲ, ಜಾರಬೇಕು, ತಬ್ಬಿಕೊಂಡು ಹೋಗಬೇಕು. ಶಿಕಾಗೋದ ಹುಡುಗರು ಕೆಲವು ವರ್ಷದ ನಂತರ ಅದೇ ಪೆಟ್ಟಿಗೆಯ ಗುಂಡಿಗಳನ್ನು ತಿರುಗಿಸಿ ತಿರುಗಿಸಿ ಅದರ ಕಿರುಚು ದನಿಯನ್ನು ಹೊರಗೆಳೆದರು. ಸಿಂಗ್ ಅದರಲ್ಲಿ ರಾಗದ ನಡೆ ಕಂಡರು. ಒಂದೇ ಯಂತ್ರ, ದಾರಿ ಎರಡು. ಯಾರು ಮೊದಲು ಅನ್ನುವ ಜಗಳಕ್ಕಿಂತ ನನಗೆ ಇದು ಹೆಚ್ಚು ಸ್ವಾರಸ್ಯದ ವಿಷಯ.

ತಾಳದ ಸದ್ದೆಲ್ಲ ಟಿಆರ್-808 ಅನ್ನುವ ಡ್ರಮ್ ಯಂತ್ರದ್ದು. ಮಾತ್ರೆಗೊಂದರಂತೆ ಬೀಳುವ ಕಿಕ್ (ದೊಡ್ಡ ಡ್ರಮ್ಮಿನ ಗುದ್ದು), ಚಪ್ಪಾಳೆ, ಹೈಹ್ಯಾಟ್ (ತಾಳದ ಜೋಡಿಯ ಚಿಸ್ ಸದ್ದು). ಅದೂ ಹದಿನಾರು ಹೆಜ್ಜೆಯದ್ದೇ. ಎರಡನ್ನೂ ಒಂದು ವೈರಿನಲ್ಲಿ ಜೋಡಿಸಿದರೆ ಒಟ್ಟಿಗೆ ಓಡುತ್ತವೆ. ಮೇಲೆ ರಾಗ ಹಾಡುವುದು ಜುಪಿಟರ್-8, ಆ ಕಾಲದ ದುಬಾರಿ ಸಿಂಥಸೈಜರ್. ಅದರಲ್ಲಿ ಮಾತ್ರ ಮನುಷ್ಯನ ಕೈ ನೇರವಾಗಿ ಕೇಳಿಸುತ್ತದೆ. ಕೆಳಗಿನ ಎರಡು ಯಂತ್ರಗಳು ಒಂದು ಕೂದಲಿನಷ್ಟೂ ಆಚೀಚೆ ಆಗುವುದಿಲ್ಲ, ಮೇಲಿನ ಕೈ ಸ್ವಲ್ಪ ತಡವಾಗಿ ಬರುತ್ತದೆ, ಸ್ವಲ್ಪ ಮುಂದೆ ಓಡುತ್ತದೆ, ನಿಲ್ಲುತ್ತದೆ. ಎರಡನೇ ಸಲ ಕೇಳುವಾಗ ಆ ಕೈಯನ್ನೇ ಹಿಂಬಾಲಿಸಿ.

ಭೈರವದಿಂದ ಶುರು ಮಾಡಿ

ಸಂಗೀತ ಪಾಠಕ್ಕೆ ಹೋದವರಾದರೆ ಮೊದಲ ರಾಗವೇ ನಿಮ್ಮದು. ಭೈರವದ ಸ್ವರಗಳೂ ನಮ್ಮ ಕರ್ನಾಟಕ ಸಂಗೀತದ ಮಾಯಾಮಾಳವಗೌಳದ ಸ್ವರಗಳೂ ಒಂದೇ. ಸರಳೆ ವರಸೆ ಕಲಿತಿದ್ದು ಇದರಲ್ಲೇ ಅಲ್ವಾ? ‘ಸ ರಿ ಗ ಮ’ ಅಂತ ಮೂರು ಕಾಲದಲ್ಲಿ ಹಾಡಿದ್ದು ಗಂಟಲಿಗೆ ಇನ್ನೂ ನೆನಪಿರುತ್ತದೆ. ಅದನ್ನು ಡಿಸ್ಕೋ ಬೀಟ್ ಮೇಲೆ ಕೇಳುವಾಗ ಮೊದಲು ನಗು ಬರಬಹುದು, ಬರಲಿ. ಎರಡನೇ ಸಲಕ್ಕೆ ರಿಷಭ ಬಂದಾಗಲೆಲ್ಲ ಆ ಬೆಳಗಿನ ಗಂಭೀರ ಬಣ್ಣ ಕೇಳಿಸುತ್ತದೆ.

ಆಮೇಲೆ ಭೂಪಾಲಿ. ನಮ್ಮ ಮೋಹನ. ಸ ರಿ ಗ ಪ ದ, ಐದೇ ಸ್ವರ. ಹಿಂದುಸ್ತಾನಿ ಹೆಸರು ಕೇಳಿ ಹೆದರುವವರಿಗೆ ಒಂದು ಸಣ್ಣ ಕೈಪಿಡಿ ಇಲ್ಲೇ ಕೊಡುತ್ತೇನೆ: ಯಮನ್ ಅಂದರೆ ಹೆಚ್ಚುಕಡಿಮೆ ಕಲ್ಯಾಣಿ, ಮಾಲಕೌಂಸ್ ಅಂದರೆ ಹಿಂದೋಳ, ಬೈರಾಗಿ ಅಂದರೆ ರೇವತಿಯ ಸ್ವರಗಳು, ಕಲಾವತಿ ಅಂದರೆ ನಮ್ಮ ವಲಚಿ. ಮಧುವಂತಿಯ ಸ್ವರಗಳು ಧರ್ಮವತಿಯವು. ತೋಡಿ ವಿಷಯದಲ್ಲಿ ಮಾತ್ರ ಹುಷಾರು. ಅವರ ತೋಡಿ ನಮ್ಮ ತೋಡಿ ಅಲ್ಲ, ಅದರ ಸ್ವರಗಳು ನಮ್ಮ ಶುಭಪಂತುವರಾಳಿಯವು. ಸ್ವರ ಒಂದೇ ಅಂದ ಮಾತ್ರಕ್ಕೆ ರಾಗ ಒಂದೇ ಅಲ್ಲ, ನಡೆ ಬೇರೆ, ಗಮಕ ಬೇರೆ. ಆದರೆ ಕಿವಿಗೆ ಹಿಡಿತ ಸಿಗಲು ಇಷ್ಟು ಸಾಕು.

ಭೂಪಾಲಿ ಆದ ಮೇಲೆ ಅದೇ ದಿನ ಕಲಾವತಿ ಕೇಳಿ, ಇದು ನಾನು ಎಲ್ಲರಿಗೂ ಹೇಳುವ ಒಂದು ಅಭ್ಯಾಸ. ಭೂಪಾಲಿಯ ರಿಷಭ ತೆಗೆದು ಕೋಮಲ ನಿಷಾದ (ಕೆಳಗಿನ ‘ನಿ’) ಸೇರಿಸಿದರೆ ಕಲಾವತಿಯ ಸ್ವರಗಳು. ಒಂದೇ ಒಂದು ಸ್ವರ ಬದಲು. ಬೀಟ್ ಅದೇ, ಯಂತ್ರ ಅದೇ, ಕೈ ಅದೇ. ಹಾಗಿದ್ದೂ ಮನಸ್ಸು ಬೇರೆ ಎಲ್ಲಿಗೋ ಹೋಗುತ್ತದೆ. ಉಳಿದಿದ್ದೆಲ್ಲ ಒಂದೇ ಇರುವುದರಿಂದಲೇ ರಾಗ ಏನು ಮಾಡುತ್ತದೆ ಅನ್ನುವುದು ಇಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುತ್ತದೆ. ಕಛೇರಿಯಲ್ಲಿ ಹಾಡುವವರು ಬೇರೆ, ಸಾಹಿತ್ಯ ಬೇರೆ, ತಾಳ ಬೇರೆ. ಹತ್ತು ರಾಗಗಳಿಗೂ ಒಂದೇ ಅಂಗಿ ತೊಡಿಸಿ ಸಾಲಾಗಿ ನಿಲ್ಲಿಸಿದ್ದು ಈ ಆಲ್ಬಮ್. ಎಲ್ಲ ಒಂದೇ ಥರ ಇದೆ ಅನ್ನುವ ದೂರು ಇದೆಯಲ್ಲ, ನನಗೆ ಅದೇ ಇದರ ದೊಡ್ಡ ಗುಣ.

ಲಲಿತ್ ಮತ್ತು ಮಾಲಕೌಂಸ್ ಕೇಳುವಾಗ ಬೇಸ್ ಕಡೆ ಗಮನ ಇರಲಿ. ಎರಡರಲ್ಲೂ ಪಂಚಮ ಇಲ್ಲ. ಬೇಸ್ ನುಡಿಸುವವರ ಕೈ ಅಭ್ಯಾಸಬಲದಿಂದ ‘ಸ’ದಿಂದ ‘ಪ’ಕ್ಕೆ ಹೋಗುತ್ತದೆ, ಎಷ್ಟೋ ಡಿಸ್ಕೋ ಹಾಡುಗಳಲ್ಲಿ ಅದೇ ನಡೆ. ಇಲ್ಲಿ ಆ ಹಾದಿಯೇ ಮುಚ್ಚಿದೆ. ಹಾಡುವವರಾದರೆ ತಂಬೂರಿಯನ್ನು ಮಧ್ಯಮಕ್ಕೆ ಶ್ರುತಿ ಮಾಡಿಕೊಳ್ಳುತ್ತಾರೆ. ಲಲಿತ್‌ನಲ್ಲಿ ಎರಡೂ ಮಧ್ಯಮಗಳು ಒತ್ತೊತ್ತಾಗಿ ಬರುವುದು ಬೇರೆ. ಆ ಇಕ್ಕಟ್ಟಿನ ಜಾಗದಲ್ಲಿ ಬೇಸ್ ಹೇಗೆ ಓಡಾಡುತ್ತದೆ ಅಂತ ಬರೀ ಅದನ್ನೇ ಒಂದು ಸಲ ಹಿಂಬಾಲಿಸಿ ನೋಡಿ.

ತೋಡಿ ನನಗೆ ಅಷ್ಟಾಗಿ ಹಿಡಿಸಿಲ್ಲ, ಹೇಳಿಬಿಡುತ್ತೇನೆ. ತೋಡಿಯ ಗಾಂಧಾರ ತುಂಬಾ ಕೆಳಗಿನದು, ಕೀಬೋರ್ಡಿನ ಮನೆಯಲ್ಲಿ ಸರಿಯಾಗಿ ಕೂರುವುದಿಲ್ಲ. ಅದರ ನೋವು ಇರುವುದೇ ಆ ಕೂರದ ಜಾಗದಲ್ಲಿ. ಭೈರವದ ರಿಷಭ, ಧೈವತಗಳ ಆಂದೋಲನಕ್ಕೂ, ಅಂದರೆ ಸ್ವರದ ಮೆಲ್ಲನೆಯ ತೂಗಾಟಕ್ಕೂ, ಇದೇ ಕಷ್ಟ. ಐದು ನಿಮಿಷದಲ್ಲಿ ವಿಸ್ತಾರವೂ ಆಗುವುದಿಲ್ಲ. ಹಿಂದುಸ್ತಾನಿಯ ವಿಸ್ತಾರವಾದ ಗಾಯನ ಖಯಾಲ್ ಕೊಡುವುದನ್ನು ಇದರಿಂದ ಕೇಳಬೇಡಿ, ಇದು ಕೊಡುವುದು ಬೇರೆ.

ಹಾಗಂತ ಖಯಾಲನ್ನು ದೂರ ಇಡಬೇಕಿಲ್ಲ, ಜೊತೆಗೇ ಕೇಳಿ. ಹಿಂದುಸ್ತಾನಿ ಸಂಗೀತಕ್ಕೆ ನಮ್ಮ ಧಾರವಾಡ, ಹುಬ್ಬಳ್ಳಿ, ಗದಗ ಸೀಮೆ ಕೊಟ್ಟಷ್ಟು ದೊಡ್ಡ ಕಂಠಗಳನ್ನು ಕೊಟ್ಟ ಊರುಗಳು ಕಡಿಮೆ. ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನ್ಸೂರ, ಭೀಮಸೇನ ಜೋಶಿ, ಬಸವರಾಜ ರಾಜಗುರು. ಇವರಲ್ಲಿ ಯಾರದಾದರೂ ಮಾಲಕೌಂಸ್ ಅಥವಾ ಯಮನ್ ಅರ್ಧ ಗಂಟೆ ಕೇಳಿ, ಎದ್ದು ನೀರು ಕುಡಿದು ಬಂದು, ಸಿಂಗ್ ಅವರ ಐದು ನಿಮಿಷ ಹಾಕಿ. ಎಲ್ಲಿ ಹೇಗೆ ನಿಲ್ಲಬೇಕು ಅಂತ ಕಿವಿಗೆ ಆಗಲೇ ಗೊತ್ತಾಗಿರುತ್ತದೆ. ಆಗ ಯಂತ್ರ ಹೇಳಿದ ಅರ್ಧ ಮಾತನ್ನು ನಿಮ್ಮ ಕಿವಿಯೇ ಪೂರ್ತಿ ಮಾಡಿಕೊಳ್ಳುತ್ತದೆ.

ಹೊತ್ತು ನೋಡಿ ಹಾಕಿ

ಎಲ್‌ಪಿಯ ಎರಡನೇ ಬದಿಯ ಸಾಲು ನೋಡಿ: ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲಕೌಂಸ್, ಬೈರಾಗಿ. ಮೊದಲಿನ ಮಳೆ ರಾಗವೊಂದನ್ನು ಬಿಟ್ಟರೆ ಸಂಜೆಯಿಂದ ಶುರುವಾಗಿ, ರಾತ್ರಿ ದಾಟಿ, ಬೆಳಗಿಗೆ ಬಂದು ಮುಟ್ಟುತ್ತದೆ. ಬೇಕೆಂದೇ ಹಾಗೆ ಜೋಡಿಸಿದರೋ ಏನೋ, ಕೇಳುವುದಕ್ಕಂತೂ ಚೆನ್ನಾಗಿದೆ. ಆ ಬದಿಯನ್ನು ರಾತ್ರಿ ಪ್ರಯಾಣಕ್ಕೆ ಇಟ್ಟುಕೊಳ್ಳಿ. ಮೊದಲ ಬದಿ ಹಾಗಿಲ್ಲ. ಬೆಳಗಿನ ಭೈರವ, ಲಲಿತ್ ಆದ ಮೇಲೆ ಥಟ್ಟನೆ ಸಂಜೆಯ ಭೂಪಾಲಿ, ಮತ್ತೆ ಬೆಳಗಿನ ತೋಡಿ, ಕೊನೆಗೆ ಇಳಿಹೊತ್ತಿನ ಮಧುವಂತಿ. ಇದು ನಿಮಗೆ ಕಿರಿಕಿರಿ ಆಗುವುದಾದರೆ ಫೋನಿನಲ್ಲಿ ನಿಮ್ಮದೇ ಪಟ್ಟಿ ಮಾಡಿಕೊಳ್ಳಿ: ಲಲಿತ್, ಭೈರವ, ಬೈರಾಗಿ, ತೋಡಿ, ಮಧುವಂತಿ, ಯಮನ್, ಭೂಪಾಲಿ, ಕಲಾವತಿ, ಮಾಲಕೌಂಸ್. ಮೇಘ ಮಲ್ಹಾರನ್ನು ಪಟ್ಟಿಯ ಹೊರಗಿಟ್ಟು ಮಳೆಗಾಲಕ್ಕೆ ಕಾಯಿರಿ. ವರ್ಷಕ್ಕೆ ಕೆಲವೇ ತಿಂಗಳು ಕೇಳುವ ಹಾಡು ಒಂದಿದ್ದರೆ ಅದರ ಮೇಲಿನ ಆಸೆ ಬತ್ತುವುದಿಲ್ಲ.

ಎಲ್‌ಪಿ ಬೇಕೇ ಬೇಕು ಅನ್ನುವವರಿಗೆ ಎರಡು ಮಾತು. 1980ರ ದಶಕದ ಮೂಲ ಪ್ರತಿ ಈಗ ತುಂಬಾ ಅಪರೂಪ, ಬೆಲೆಯೂ ಹಾಗೇ ಇದೆ. ಮುಂಬಯಿಯ ಚೋರ್ ಬಜಾರ್‌ನಲ್ಲೋ ಹಳೆ ಅಂಗಡಿಯಲ್ಲೋ ಸಿಕ್ಕರೆ ಹೊದಿಕೆ ನೋಡಿ ಮರುಳಾಗಬೇಡಿ, ತಟ್ಟೆಯನ್ನು ಹೊರಗೆ ತೆಗೆದು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಕೂದಲೆಳೆಯಂಥ ಮೇಲುಗೀಚು ಪರವಾಗಿಲ್ಲ. ಉಗುರಿಗೆ ತಗಲುವ ಗೀಚು ಇದ್ದರೆ ಸೂಜಿ ಅಲ್ಲಿ ಹಾರುತ್ತದೆ. ಒಂದು ಬದಿಯಲ್ಲಿ ಇಪ್ಪತ್ತೈದು ನಿಮಿಷದಷ್ಟು ಸಂಗೀತ ತುಂಬಿರುವುದರಿಂದ ಗೆರೆಗಳು ಒತ್ತೊತ್ತಾಗಿರುತ್ತವೆ, ಹೀಗಾದಾಗ ಬೇಸ್‌ಗೆ ಜಾಗ ಕಡಿಮೆ ಸಿಗುತ್ತದೆ. ಹಾಗಾಗಿ ಕೇಳುವುದಕ್ಕೇ ಆದರೆ 2010ರ ಮರುಮುದ್ರಣವನ್ನು ಹುಡುಕಿ. ಮನೆಗೆ ತಂದ ಮೇಲೆ ನೆಟ್ಟಗೆ ನಿಲ್ಲಿಸಿಡಿ, ಒಂದರ ಮೇಲೊಂದು ಪೇರಿಸಿದರೆ ಬಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಕಾರಿನೊಳಗೆ ಮರೆತು ಬಂದರೆ ಮುಗಿಯಿತು.

ಇದನ್ನು ಇನ್ನೊಬ್ಬರಿಗೆ ಕೇಳಿಸುವಾಗ ಕತೆಯನ್ನು ಮೊದಲು ಹೇಳಬೇಡಿ. ಇದು 1982ರದ್ದು ಗೊತ್ತಾ ಅಂತ ಶುರು ಮಾಡಿದರೆ ಅವರು ಕೇಳುವುದು ಇಸವಿಯನ್ನು, ಸಂಗೀತವನ್ನಲ್ಲ. ಶಾಸ್ತ್ರೀಯ ಸಂಗೀತದ ಕಿವಿ ಇರುವ ಅತ್ತೆಗೋ ಮಾವನಿಗೋ ಯಮನ್ ಹಾಕಿ, ಹೆಸರು ಹೇಳದೆ ರಾಗ ಗುರುತಿಸಿ ಅನ್ನಿ. ಗುರುತಿಸುವುದರಲ್ಲಿ ಮುಳುಗಿದಾಗ ಡಿಸ್ಕೋ ಬಗ್ಗೆ ತಕರಾರು ತೆಗೆಯಲು ಅವರಿಗೆ ಪುರುಸೊತ್ತು ಇರುವುದಿಲ್ಲ. ಕುಣಿಯುವ ಹುಡುಗರಿಗೆ ಕಲಾವತಿ ಸರಿ, ಜೋರಾಗಿ ಹಾಕಿ, ರಾಗದ ಮಾತೇ ಬೇಡ. ಇಸವಿ, ಮುಂಬಯಿ, ಮಾರಾಟವಾಗದ ಎಲ್‌ಪಿ, ಎಲ್ಲ ಆಮೇಲೆ ಅವರೇ ಕೇಳುತ್ತಾರೆ.

ಕಂಪ್ಯೂಟರ್ ಇರುವವರು ಒಂದು ಹೆಜ್ಜೆ ಮುಂದೆ ಹೋಗಬಹುದು. 303 ಮತ್ತು 808ರ ಸದ್ದನ್ನು ಅನುಕರಿಸುವ ಸಾಫ್ಟ್‌ವೇರ್‌ಗಳು ಬೇಕಾದಷ್ಟಿವೆ, ಉಚಿತವಾದವೂ ಇವೆ. ಹದಿನಾರು ಹೆಜ್ಜೆ ತೆಗೆದುಕೊಳ್ಳಿ. 1, 5, 9, 13ರಲ್ಲಿ ಕಿಕ್ ಇಡಿ. 5 ಮತ್ತು 13ರಲ್ಲಿ ಚಪ್ಪಾಳೆ. 3, 7, 11, 15ರಲ್ಲಿ ತೆರೆದ ಹೈಹ್ಯಾಟ್. ಡಿಸ್ಕೋ ಬೀಟ್ ತಯಾರು. ಬೇಸ್‌ನಲ್ಲಿ ಮೋಹನದ ಐದು ಸ್ವರ ಬಿಟ್ಟು ಬೇರೇನೂ ಬೇಡ. ಹದಿನಾರರಲ್ಲಿ ಅರ್ಧದಷ್ಟಾದರೂ ‘ಸ’ ಇರಲಿ, ನಡುನಡುವೆ ಗ, ಪ, ಮೇಲಿನ ಸ. ಎರಡು ಮೂರು ಕಡೆ ಜಾರಿಸಿ, ಎಲ್ಲ ಕಡೆ ಅಲ್ಲ. ಕಾರ್ಡ್ ಹಾಕುವ ಆಸೆ ಬರುತ್ತದೆ, ಹಾಕಬೇಡಿ, ಹಾಕಿದ ಕೂಡಲೇ ರಾಗ ಹೋಗಿ ಸಿನಿಮಾ ಹಾಡು ಬರುತ್ತದೆ. ಮೇಲೆ ರಾಗ ನುಡಿಸುವ ದನಿಯಲ್ಲಿ ಪೋರ್ಟಮೆಂಟೋ ಅನ್ನುವ ಗುಂಡಿ ಹುಡುಕಿ ಸ್ವಲ್ಪವೇ ತಿರುಗಿಸಿ, ಸ್ವರದಿಂದ ಸ್ವರಕ್ಕೆ ಜಾರುವುದು ಅದರಿಂದಲೇ. ಬೀಟ್ ಶುರು ಮಾಡುವ ಮುನ್ನ ಅರ್ಧ ನಿಮಿಷ ಸುಮ್ನೆ ಆಲಾಪ ನುಡಿಸಿ. ಮೋಹನ ಕೈಗೆ ಹತ್ತಿದ ಮೇಲೆ ರಿಷಭ ತೆಗೆದು ಕೋಮಲ ನಿಷಾದ ಹಾಕಿ, ವಲಚಿಗೆ ಹೋಗಿ. ಲಲಿತ್‌ಗೆ ಕೈ ಹಾಕುವುದು ಅದಾದ ಮೇಲೆ.